ಅತ್ತೆಯ ಬೆನ್ನು

ಕುಂಚಿಗೆಯ ಕೊನೆಯ ಹೊಲಿಗೆ ಮುಗಿಸಿ ಶೈಲಾ ದಾರವನ್ನು ಹಲ್ಲಿನಲ್ಲಿ ಕಡಿದಳು. ಕೆಂಪು ಖಣದ ಬಟ್ಟೆ, ಸುತ್ತ ಹಸಿರು ಅಂಚು, ನೆತ್ತಿಯ ಮೇಲೆ ಸಣ್ಣ ಸಣ್ಣ ಕನ್ನಡಿ. ಕೂಸಿನ ತಲೆ ಮುಚ್ಚಿ ಬೆನ್ನಿನ ತನಕ ಇಳಿಯುವ ಈ ಟೊಪ್ಪಿಗೆಯನ್ನು ಅವಳ ಊರ ಕಡೆ ಸೋದರತ್ತೆಯೇ ತರಬೇಕು. ತಂದವಳೇ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳಬೇಕು. ಅವಳು ಹಾಗೆ ಬಾಗಿದಾಗ ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದು ಬೇರೆ ಯಾರಿಗೂ ಸಿಗುವುದಿಲ್ಲ. ಅದು ಅತ್ತೆಯದು.

“ಇಷ್ಟು ಕನ್ನಡಿ ಹಚ್ಚೀಯಲ್ಲ, ಕೂಸಿಗೆ ತಲಿ ಭಾರ ಆಗ್ತೈತಿ,” ಎಂದಳು ಬಸಕ್ಕ. ಗೋಡೆಗೆ ಒರಗಿ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಎಣ್ಣೆ ಶೈಲಾಳದ್ದು. ಹೆಬ್ಬಗೋಡಿಯ ಈ ಒಂದೇ ಕೋಣೆಯಲ್ಲಿ ಇಬ್ಬರೂ ಕೂಡಿ ಇರತೊಡಗಿ ಕೆಲವು ವರ್ಷವಾಗಿತ್ತು. ಬಸಕ್ಕ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನೆಲ ಒರೆಸುತ್ತಿದ್ದಳು. ಶೈಲಾ ಒಂದು ಫ್ಯಾಕ್ಟರಿಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುತ್ತಿದ್ದಳು. ಬೆಸುಗೆ ತಪ್ಪಿದ ಕಡೆ ಕೆಂಪು ಬಾಣದ ಚೀಟಿ ಅಂಟಿಸುವುದು ಅವಳ ಕೆಲಸ.

“ನಿನಗ ಹೊಟ್ಟಿಕಿಚ್ಚು,” ಎಂದಳು ಶೈಲಾ.

“ಹೌದವ್ವ. ನನ್ನ ಬೆನ್ನಿಗೆ ಗುದ್ದಾಂವನ್ನ ಊರಾಗ ಬಿಟ್ಟ ಬಂದೀನಿ ನೋಡು, ಅದಕ ಹೊಟ್ಟಿಕಿಚ್ಚು.”

ಇಬ್ಬರೂ ನಕ್ಕರು. ಬಸಕ್ಕ ಗಂಡನನ್ನು ಬಿಟ್ಟು ಸಿಂಧನೂರಿನ ಕಡೆಯಿಂದ ಬಂದವಳು. ಆ ಸುದ್ದಿಯನ್ನು ಅವಳು ನಗೆಯಾಗಿಯೇ ಹೇಳುತ್ತಿದ್ದಳು. ಬೇರೆ ತರ ಹೇಳಿದ್ದನ್ನು ಶೈಲಾ ಕೇಳಿರಲಿಲ್ಲ.

“ನಾಳೆ ಹೆಸರಿಟ್ಟು ಬರಾಕಿ, ಸೋಮವಾರ ಕೆಲಸ ಬಿಡ್ತೀನಂತ ಲೆಟರ್ ಕೊಡಾಕಿ. ಖರೇನ?”

“ಖರೇನ. ಸೂಪರ್‌ವೈಸರ್ ಅಮರೇಶ್ ಸರ್‌ಗೆ ಹೇಳಿನೂ ಆಗೈತಿ.”

ಶೈಲಾ ಅಣ್ಣ ಎನ್ನುವ ಬೇಗೂರಿನ ವೀರೇಶ್‌ಗೆ ಗಂಡುಮಗು ಹುಟ್ಟಿತ್ತು. ಅವನ ಹೆಂಡತಿ ಕಾವ್ಯಾಳ ರಜೆ ಮುಗಿಯುತ್ತ ಬಂದಿತ್ತು. ಒಂದನೇ ತಾರೀಖಿಗೆ ಅವಳು ಆಫೀಸಿಗೆ ಹೋಗಬೇಕು. ಶೈಲಾ ಫ್ಯಾಕ್ಟರಿ ಬಿಟ್ಟು ಅವರ ಮನೆಯಲ್ಲೇ ಇದ್ದು ಕೂಸನ್ನು ನೋಡಿಕೊಳ್ಳಬೇಕೆಂದು ಎಲ್ಲರೂ ಕೂಡಿ ಮಾತಾಡಿದ್ದರು. ಆಳು ಇಟ್ಟುಕೊಳ್ಳುವುದು ವೀರೇಶನ ತಾಯಿ ಗಂಗಮ್ಮನಿಗೆ ಇಷ್ಟವಿರಲಿಲ್ಲ. “ಗುರ್ತಿಲ್ಲದವರ ಕೈಯಾಗ ಕೂಸು ಕೊಡಾಕ ಆಗ್ತೈತೇನ, ನಮ್ಮನಿ ಮಗಳು ಇರುವಾಗ?” ಎಂದಿದ್ದಳು. ಸಂಬಳದ ಮಾತು ಬಂದಿರಲಿಲ್ಲ. ಮಗಳಿಗೆ ಸಂಬಳ ಕೊಡುವುದು ಯಾವ ಮನೆಯಲ್ಲಿದೆ?

“ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ,” ಎಂದಳು ಬಸಕ್ಕ. “ನೀ ಡೆಂಗಿ ಬಂದು ಆಸ್ಪತ್ರ್ಯಾಗ ಬಿದ್ದಾಗ ಆ ಮನಿ ಮಂದಿ ಯಾಕ್ ಬರಲಿಲ್ಲ?”

“ಕಾವ್ಯಾ ಅತ್ತಿಗಿ ಬಸುರಿ ಇದ್ರು. ತಗಲ್ತೈತಂತ…”

“ಡೆಂಗಿ ಸೊಳ್ಳಿಯಿಂದ ತಗಲ್ತೈತಿ. ನಿನ್ನಿಂದಲ್ಲ.”

ಶೈಲಾ ಕುಂಚಿಗೆಯನ್ನು ಮಡಚಿ ಕವರಿನಲ್ಲಿಟ್ಟಳು. ನಾಳೆ ಅಷ್ಟೊಂದು ಜನರ ಎದುರು ತಾನು ಹೆಸರು ಕರೆಯುತ್ತೇನೆ. ಅದೇ ಉತ್ತರ ಎಂದುಕೊಂಡಳು.

ವೀರೇಶ್ ಅವಳ ಒಡಹುಟ್ಟಿದವನಲ್ಲ. ಕುಷ್ಟಗಿ ಕಡೆಯ ಅವಳ ಊರಲ್ಲಿ ಹೈಸ್ಕೂಲಿತ್ತು, ಅವನ ಊರಲ್ಲಿ ಇರಲಿಲ್ಲ. ಹೈಸ್ಕೂಲಿನ ಅಷ್ಟೂ ವರ್ಷ ಅವನು ಶೈಲಾಳ ಮನೆಯಲ್ಲೇ ಉಂಡು, ಮಲಗಿ, ಓದಿದ. ಓದುವ ಹುಡುಗನೆಂದು ಅವಳ ತಾಯಿ ದೇವಕ್ಕ ಒಲೆಯಿಂದ ತೆಗೆದ ಮೊದಲ ರೊಟ್ಟಿಯನ್ನು ಅವನ ತಾಟಿಗೆ ಹಾಕುತ್ತಿದ್ದಳು. ಆಗಿನ್ನೂ ಮೂಗೊರೆಸಿಕೊಳ್ಳಲು ಬಾರದಿದ್ದ ಶೈಲಾ ಅವನನ್ನು ಅಣ್ಣ ಎಂದಳು. ಮುಂದೆ ಅವನು ಇಂಜಿನಿಯರಾದ, ಮ್ಯಾನೇಜರಾದ, ಬೇಗೂರಿನಲ್ಲಿ ಫ್ಲ್ಯಾಟು ಕೊಂಡ. ಶೈಲಾ ಐಟಿಐ ಮುಗಿಸಿ ಬೆಂಗಳೂರಿಗೆ ಬಂದಾಗ ಯಾರಿಗೋ ಒಂದು ಫೋನು ಮಾಡಿದ. ಅದರಿಂದ ಅವಳಿಗೆ ಈ ಕೆಲಸ ಸಿಕ್ಕಿತು. ಆ ಒಂದು ಫೋನಿನ ಮಾತು ಬೇಗೂರಿನ ಮನೆಯಲ್ಲಿ ಈಗಲೂ ಆಗಾಗ ಬರುತ್ತಿತ್ತು. ದೇವಕ್ಕನ ರೊಟ್ಟಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಶೈಲಾಳೂ ಎತ್ತುತ್ತಿರಲಿಲ್ಲ. ವಾರದ ರಜೆ ಭಾನುವಾರ. ಭಾನುವಾರ ಬೆಳಿಗ್ಗೆ ಅವಳು ಹೊಸೂರು ರಸ್ತೆಗೆ ಬಂದು ಬಸ್ಸು ಹತ್ತುತ್ತಿದ್ದಳು, ಬೊಮ್ಮನಹಳ್ಳಿಯಲ್ಲಿ ಇಳಿದು ಬೇಗೂರಿನ ಬಸ್ಸು ಹಿಡಿಯುತ್ತಿದ್ದಳು. ಹೋದವಳು ಆ ಮನೆಗೆ ವಾರಕ್ಕೆ ಸಾಲುವಷ್ಟು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗಂಗಮ್ಮನ ತಲೆಗೆ ನೀರು ಹಾಕುತ್ತಿದ್ದಳು. ಕಾವ್ಯಾ ಬಸುರಿಯಾದ ಮೇಲೆ ಅವಳ ಕಾಲೊತ್ತುತ್ತಿದ್ದಳು. ಫ್ಯಾಕ್ಟರಿಯಲ್ಲಿ ಲೈನ್ ಲೀಡರ್ ಆಗುವವರಿಗೆ ಭಾನುವಾರ ಟ್ರೈನಿಂಗ್ ಇಟ್ಟರು. ಶೈಲಾ ಹೆಸರು ಕೊಡಲಿಲ್ಲ. ಅವಳ ಕೈಕೆಳಗೆ ಕೆಲಸ ಕಲಿತ ಸ್ಫೂರ್ತಿ ಎಂಬ ಹುಡುಗಿ ಲೀಡರಾದಳು. ಅದನ್ನು ಅವಳು ವೀರೇಶನಿಗೆ ಹೇಳಿದಾಗ, “ಗುಡ್, ಗುಡ್,” ಎಂದು ಅವನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳಿದ್ದ. ಲೀಡರಾದದ್ದು ಶೈಲಾ ಎಂದು ತಿಳಿದಿದ್ದನೋ ಏನೋ.

ಹೆಸರು ಏನೆಂದು ಹಿಂದಿನ ವಾರವೇ ಕಾವ್ಯಾ ಅವಳ ಕಿವಿಯಲ್ಲಿ ಹೇಳಿದ್ದಳು. “ಸಿದ್ದಾರ್ಥ್. ಯಾರಿಗೂ ಹೇಳ್ಬೇಡ, ಸರ್‌ಪ್ರೈಸ್. ನೀನೇ ತಾನೇ ಕರೆಯೋದು, ಪ್ರಾಕ್ಟೀಸ್ ಮಾಡ್ಕೋ. ಸಿದ್ದಾರ್ತಾ ಅಂತ ಎಳೀಬೇಡ ಮತ್ತೆ.” ವಾರವಿಡೀ ಶೈಲಾ ಮಾಸ್ಕಿನೊಳಗೆ ಆ ಹೆಸರನ್ನು ಹೇಳಿಕೊಂಡಳು. ಬೋರ್ಡು ಬರುತ್ತಿತ್ತು, ಹೋಗುತ್ತಿತ್ತು. ಕೊನೆಯ ಅಕ್ಷರಕ್ಕೆ ಉಸಿರು ಎಷ್ಟು ಬಿಡಬೇಕೆಂದು ಗುರುವಾರದ ಹೊತ್ತಿಗೆ ಅವಳಿಗೆ ಹಿಡಿತ ಸಿಕ್ಕಿತ್ತು.

ಕಾರ್ಯ ನಡೆದದ್ದು ಅಪಾರ್ಟ್‌ಮೆಂಟಿನ ಕೆಳಮಹಡಿಯ ಪಾರ್ಟಿ ಹಾಲಿನಲ್ಲಿ. ಶೈಲಾ ಮೊದಲ ಬಸ್ಸಿಗೇ ಬಂದು ಮೇಲಿನ ಫ್ಲ್ಯಾಟಿನಲ್ಲಿ ಕಾಳಿನ ಗುಗ್ಗರಿ ಬೇಯಲಿಟ್ಟಳು, ಗಂಗಮ್ಮನ ಸೀರೆಯ ನಿರಿಗೆ ಹಿಡಿದಳು, ಹೂವು ಕಟ್ಟಿದಳು, ಮನೆ ತುಂಬಿದ್ದ ನೆಂಟರಿಗೆಲ್ಲ ಚಹಾ ಕೊಟ್ಟಳು. ಕುಂಚಿಗೆಯನ್ನು ಗಂಗಮ್ಮನ ಕೈಗೆ ಕೊಟ್ಟಾಗ ಅವಳು ಬೆಳಕಿಗೆ ಹಿಡಿದು ನೋಡಿ, “ಕೈ ಛಲೋ ಐತಿ ನಿಂದು,” ಎಂದಳು. ಶೈಲಾ ಬಚ್ಚಲಿನಲ್ಲಿ ಸೀರೆ ಬದಲಿಸಿದಳು. ಬೆನ್ನಿನ ಮೇಲೆ ಗುದ್ದು ಬೀಳುತ್ತದೆಂದು ಸೆರಗಿಗೆ ಪಿನ್ನು ಚುಚ್ಚದೆ ಹಾಗೇ ಬಿಟ್ಟಳು. ಗುದ್ದುವವರ ಕೈಗೆ ಚುಚ್ಚಬಾರದಲ್ಲ.

ಕೆಳಗೆ ಅಯ್ಯನವರು ಕೂಸಿಗೆ ಲಿಂಗ ಕಟ್ಟುತ್ತಿದ್ದರು. ತೊಟ್ಟಿಲಿಗೆ ಚೆಂಡುಹೂವಿನ ಮಾಲೆ ಬಿಗಿದಿತ್ತು. ಶೈಲಾ ತೊಟ್ಟಿಲ ಹತ್ತಿರವೇ ನಿಂತಿದ್ದಳು.

“ಶೈಲಾ, ಗುಗ್ಗರಿ ಪಾತೇಲಿ ಮ್ಯಾಲ ಉಳದೈತಲ್ಲ,” ಎಂದಳು ಗಂಗಮ್ಮ. “ತಗೊಂಡ್ ಬಾ.”

“ಅಮ್ಮ, ಹೆಸರು ಕರಿಯೂದು…”

“ಅಯ್ಯನೋರದು ಇನ್ನ ಮುಗಿಬೇಕು. ಟೈಮ್ ಐತಿ, ಹೋಗಿ ಬಾ.”

ಶೈಲಾ ಹೋದಳು. ಪಾತೇಲಿ ದೊಡ್ಡದು. ಲಿಫ್ಟಿನಲ್ಲಿ ಅಡುಗೆಯವರು ಅನ್ನದ ಡಬರಿಗಳನ್ನು ಇಳಿಸುತ್ತಿದ್ದರು, ಜಾಗವಿರಲಿಲ್ಲ. ಪಾತೇಲಿಯನ್ನು ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲಿಳಿದಳು. ಅರ್ಧ ದಾರಿಯಲ್ಲಿ ಹೆಂಗಸರು ಗೊಳ್ಳೆಂದು ನಕ್ಕದ್ದು ಕೇಳಿತು. ಹೆಂಗಸರು ಹಾಗೆ ನಗುವುದು ಗುದ್ದುವಾಗ ಮಾತ್ರ. ಅವಳಿಗೆ ಗೊತ್ತಾಯಿತು. ಆದರೂ ಅವಸರದಲ್ಲೇ ಇಳಿದಳು, ತಾನು ತಪ್ಪು ತಿಳಿದಿರಬಹುದೆಂದು.

ಬಾಗಿಲಲ್ಲಿ ನಿಂತು ನೋಡಿದಳು. ತೊಟ್ಟಿಲಿಗೆ ಬಾಗಿದ್ದವಳು ಉಮಾಶ್ರೀ, ವೀರೇಶನ ದೊಡ್ಡಪ್ಪನ ಮಗಳು. ಬ್ರೂಕ್‌ಫೀಲ್ಡಿನಲ್ಲಿರುವವಳು. ಇಷ್ಟು ವರ್ಷಗಳ ಭಾನುವಾರಗಳಲ್ಲಿ ಶೈಲಾ ಅವಳನ್ನು ಈ ಮನೆಯಲ್ಲಿ ನೋಡಿದ್ದು ಒಮ್ಮೆಯೋ ಎರಡು ಸಲವೋ. ಕೂಸಿನ ತಲೆಯ ಮೇಲೆ ಕೆಂಪು ಕುಂಚಿಗೆ. ಸುತ್ತ ನಿಂತವರು ಉಮಾಶ್ರೀಯ ರೇಷ್ಮೆ ಸೀರೆ ಮುದುಡದ ಹಾಗೆ ಬೆರಳ ತುದಿಯಲ್ಲಿ ಗುದ್ದುತ್ತಿದ್ದರು. ವೀರೇಶ್ ಎದುರು ನಿಂತು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ.

“ಕುರ್ರ್… ಸಿದ್ದಾರ್ಥ್!”

“ಮೇಡಂ, ಇನ್ನೊಂದ್ ಸಲ ಹೇಳಿ. ಸ್ವಲ್ಪ ಈ ಕಡೆ ಫೇಸ್ ತಿರುಗ್ಸಿ,” ಎಂದ ಫೋಟೋದವನು.

“ಕುರ್ರ್… ಸಿದ್ದಾರ್ಥ್!”

“ಅತ್ತಿ ತಂದ ಕುಂಚಿಗಿ ಎಷ್ಟ್ ಛಂದ ಐತ್ರಿ,” ಎಂದಳು ಯಾರೋ ಹಿರಿಯ ಹೆಂಗಸು. “ನಿಮ್ಮ ಬ್ರೂಕ್‌ಫೀಲ್ಡಾಗ ಇಂಥಾವು ಸಿಗ್ತಾವೇನ್ರಿ?”

“ಅಯ್ಯ, ನಂಗೊತ್ತಿಲ್ರಿ. ಎಲ್ಲಾ ಕಾಕು ರೆಡಿ ಮಾಡಿಸ್ಯಾರ,” ಎಂದಳು ಉಮಾಶ್ರೀ ಬಾಗಿದಲ್ಲಿಂದಲೇ. ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳು ಕಾಕು ಎಂದದ್ದು ಗಂಗಮ್ಮನಿಗೆ. ಗೊತ್ತಿದ್ದ ಗಂಗಮ್ಮ ತೊಟ್ಟಿಲ ಹೂವು ಸರಿಪಡಿಸುತ್ತಿದ್ದಳು.

ಶೈಲಾ ಪಾತೇಲಿಯನ್ನು ನೆಲಕ್ಕಿಟ್ಟಳು.

“ಅಯ್ಯೋ ಶೈಲಾ, ಎಲ್ಲೋಗಿದ್ದೆ?” ಎಂದಳು ಕಾವ್ಯಾ. “ಬಾ ಬಾ, ನೀನೂ ಒಂದು ಹೊಡಿ, ಫೋಟೋದಲ್ಲಿ ಬರ್ತೀಯ.”

ಹೆಂಗಸರು ನಗುತ್ತ ಜಾಗ ಬಿಟ್ಟರು. ಶೈಲಾ ಮುಂದೆ ಬಂದು ಹೊಡೆದಳು. ವಾರವೆಲ್ಲ ಬೋರ್ಡಿನ ಮೇಲೆ ಚಿಮಟ ಹಿಡಿದು ಹಗುರವಾಗಿ ಆಡುವ ಕೈ ಅದು. ಭಾನುವಾರ ಜೋಳದ ರೊಟ್ಟಿ ಬಡಿಯುವ ಕೈಯೂ ಅದೇ. ಅವತ್ತು ಭಾನುವಾರ. ಅಂಗೈ ಅಗಲವಾಗಿ ಬಿದ್ದು ಹಾಲಿನ ಕೊನೆಯ ತನಕ ಸದ್ದು ಕೇಳಿತು.

ಉಮಾಶ್ರೀಗೆ ಉಸಿರು ಕಟ್ಟಿತು. ಹಣೆ ತೊಟ್ಟಿಲ ಅಂಚಿಗೆ ತಾಗಿತು. ಕೂಸು ಚಿಟ್ಟನೆ ಚೀರಿತು. ಒಬ್ಬಿಬ್ಬರು ಇನ್ನೂ ನಗುತ್ತಿದ್ದರು, ಆಮೇಲೆ ಅವರೂ ನಿಲ್ಲಿಸಿದರು.

“ಏನ್ ಹುಡುಗೀನೋ! ಹೊಡಿಯೂದಂದ್ರ ಹಿಂಗೇನ?” ಎಂದಳು ಗಂಗಮ್ಮ.

“ಶೈಲಾ, ಒಂದ್ ಲಿಮಿಟ್ ಇರತ್ತೆ,” ಎಂದಳು ಕಾವ್ಯಾ ಕೂಸನ್ನೆತ್ತಿಕೊಂಡು.

ವೀರೇಶ್ ಫೋಟೋದವನ ಕಡೆ ತಿರುಗಿ ಮೆಲ್ಲಗೆ, “ಆ ಬಿಟ್ ಕಟ್ ಮಾಡಿಬಿಡಿ,” ಎಂದ.

ಶೈಲಾ ಆಗ ಹೊರಟುಹೋಗಲಿಲ್ಲ. ಕಥೆಗಳಲ್ಲಿ ಹೋಗುತ್ತಾರೆ. ಅವಳು ಊಟಕ್ಕೆ ಕೂತವರಿಗೆ ಗುಗ್ಗರಿ ಬಡಿಸಿದಳು, ಉಮಾಶ್ರೀಯ ಹತ್ತಿರ ಹೋಗಿ ತಪ್ಪಾಯಿತೆಂದಳು, “ಇರ್ಲಿ ಬಿಡಮ್ಮ,” ಅನ್ನಿಸಿಕೊಂಡಳು. ಎಲ್ಲರೂ ಹೋದ ಮೇಲೆ ಮೇಲಿನ ಫ್ಲ್ಯಾಟಿನ ಪಾತ್ರೆ ತೊಳೆದಳು. ಹೊರಡುವಾಗ ಗಂಗಮ್ಮ ಕುಂಚಿಗೆಯನ್ನು ತಂದುಕೊಟ್ಟಳು. “ಕೂಸು ಹಾಲು ಕಾರಿಕೊಂಡೈತಿ. ಮಷೀನಿಗೆ ಹಾಕಿದ್ರ ಕನ್ನಡಿ ಉದುರ್ತಾವ. ಒಯ್ದು ಕೈಯಾಗ ತೊಳ್ಕೊಂಡ್ ಬಾ ಮುಂದಿನ ವಾರ.”

ಬೊಮ್ಮನಹಳ್ಳಿಯ ಬಸ್ಸಿನಲ್ಲಿ ಅವಳ ಅಂಗೈ ಇನ್ನೂ ಚುರುಗುಟ್ಟುತ್ತಿತ್ತು. ಉಮಾಶ್ರೀ ಅವಳಿಗೆ ಏನೂ ಕೆಟ್ಟದ್ದು ಮಾಡಿರಲಿಲ್ಲ. ಯಾರೋ ಬಾ ಎಂದರು, ಬಂದು ಬಾಗಿದಳು, ಅಷ್ಟೆ. ಹೊಡೆತ ಬಿದ್ದದ್ದು ತಪ್ಪು ಬೆನ್ನಿಗೆ. ಹಾಗಾದರೆ ಯಾವ ಬೆನ್ನಿಗೆ ಬೀಳಬೇಕಿತ್ತು? ಗಂಗಮ್ಮನದಕ್ಕೋ, ವೀರೇಶನದಕ್ಕೋ? ಹೊಸೂರು ರಸ್ತೆಯ ಮೇಲೆ ಮೆಟ್ರೋ ಕಂಬಗಳು ಒಂದಾದ ಮೇಲೊಂದು ಹಿಂದೆ ಸರಿದವು. ಆ ಮನೆಯವರು ತನ್ನ ಹತ್ತಿರ ಬಂದ ಒಂದು ದಿನವನ್ನು ನೆನಪಿಸಿಕೊಳ್ಳಲು ನೋಡಿದಳು. ಹೆಬ್ಬಗೋಡಿ ಬಂತು, ಅಂಥ ದಿನ ನೆನಪಿಗೆ ಬರಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ವೀರೇಶನ ಫೋನು ಬಂದದ್ದು ನೆನಪಾಯಿತು. “ಯಾವಾಗ ಆರಾಮ್ ಆಗ್ತೀ? ಅವ್ವ ಕೇಳಾಕತ್ತಾಳ.” ಆಗ ಆ ಮಾತಿಗೆ ಅವಳ ಕಣ್ಣು ತುಂಬಿದ್ದವು. ಕೇಳುತ್ತಿದ್ದದ್ದು ರೊಟ್ಟಿಯನ್ನು ಎಂದು ಆಗ ಹೊಳೆದಿರಲಿಲ್ಲ.

“ಅತ್ತಿ ಬಂದ್ಲು!” ಎಂದಳು ಬಸಕ್ಕ ಬಾಗಿಲಲ್ಲೇ. “ತೋರ್ಸು ಬೆನ್ನು, ಎಷ್ಟು ಕೆಂಪಾಗೈತಿ ನೋಡೂಣು.”

ಶೈಲಾ ಬಲಗೈ ಚಾಚಿ ಅಂಗೈ ತೋರಿಸಿದಳು. ನಡೆದದ್ದನ್ನೆಲ್ಲ ಹೇಳಿದಳು. ಬಸಕ್ಕ ಎದ್ದು ಚಹಾಕ್ಕಿಟ್ಟಳು. ಅವತ್ತು ಅವಳು ತಮಾಷೆ ಮಾಡಲಿಲ್ಲ. ಅದೇ ಶೈಲಾಳಿಗೆ ಹೆಚ್ಚು ಹೆದರಿಕೆ ತಂದಿತು.

ಸೋಮವಾರ ಸೂಪರ್‌ವೈಸರ್ ಅಮರೇಶ್ ಕೈ ಚಾಚಿದ. “ಎಲ್ಲಮ್ಮ ಲೆಟರ್?”

ಬರೆದ ಲೆಟರ್ ಚೀಲದಲ್ಲಿತ್ತು. ಕೊಡಬಾರದೆಂದು ಅವಳೇನೂ ತೀರ್ಮಾನ ಮಾಡಿರಲಿಲ್ಲ. “ಇಲ್ಲ ಸರ್. ಬಿಡಲ್ಲ,” ಎಂದು ಬಾಯಿ ಹೇಳಿತು.

“ಅಯ್ಯೋ, ನಿನ್ ಸೀಟಿಗೆ ಹೊಸ ಹುಡುಗೀನ ರೆಡಿ ಮಾಡ್ಬಿಟ್ಟಿದೀನಲ್ಲ! ಮುಂಚೆ ಹೇಳೋಕೆ ಏನಾಗಿತ್ತು?” ಅಮರೇಶ್ ತಲೆ ಕೆರೆದುಕೊಂಡ. “ಈಗ ಪ್ಯಾಕಿಂಗಲ್ಲಿ ಮಾತ್ರ ಜಾಗ ಇರೋದು. ನಿಂತ್ಕೊಂಡೇ ಕೆಲ್ಸ. ಆಗತ್ತಾ?”

“ಆಗತ್ತೆ ಸರ್.”

ಪ್ಯಾಕಿಂಗಿನಲ್ಲಿ ಬೋರ್ಡು ನೋಡುವ ಕೆಲಸವಿಲ್ಲ. ಡಬ್ಬ ಮಡಚು, ಟೇಪು ಹಚ್ಚು, ಪಕ್ಕಕ್ಕೆ ತಳ್ಳು. ಸಂಜೆಯ ಹೊತ್ತಿಗೆ ಕಾಲು ಊದಿಕೊಳ್ಳುತ್ತಿದ್ದವು. ಗಂಗಮ್ಮನಿಂದ, ಕಾವ್ಯಾಳಿಂದ ಫೋನು ಬಂತು. ಅವಳು ಎತ್ತಲಿಲ್ಲ. ‘ಅತ್ತೆ ರೊಟ್ಟಿ ಕೇಳ್ತಿದಾರೆ’ ಎಂದು ಕಾವ್ಯಾಳ ಮೆಸೇಜು ಬಂತು, ಕೆಳಗೊಂದು ನಗುವ ಮುಖ. ಭಾನುವಾರ ಬೆಳಿಗ್ಗೆ ಅವಳ ಕಾಲು ತಾವಾಗಿ ಹೊಸೂರು ರಸ್ತೆಗೆ ನಡೆದವು. ಬಸ್ಸು ಬಂತು. ಕಂಡಕ್ಟರು ಗುರುತು ಹಿಡಿದು, “ಹತ್ತಮ್ಮ,” ಎಂದ. ಅವಳು ಹತ್ತಲಿಲ್ಲ. ಬಂದದ್ದಕ್ಕೆ ಏನಾದರೂ ಕಾರಣವಿರಲೆಂದು ಒಂದು ಕಟ್ಟು ಮೆಂತ್ಯ ಸೊಪ್ಪು ಕೊಂಡು ವಾಪಸ್ಸು ಹೋದಳು.

ಮುಂದಿನ ಭಾನುವಾರ ವೀರೇಶನ ಫೋನು ಬಂತು. ಅವನದೆಂದು ಎತ್ತಿದಳು.

“ಶೈಲಾ, ಹೆಬ್ಬಗೋಡ್ಯಾಗ ಇದೀನಿ. ನಿನ್ನ ರೂಮ್ ಎಲ್ಲಿ ಬರ್ತೈತಿ?”

ಇಷ್ಟು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಮೊದಲ ಸಲ. ಓಣಿಯಲ್ಲಿ ಕಾರು ಹಿಡಿಸಲಿಲ್ಲ. ಮುಖ್ಯರಸ್ತೆಯಲ್ಲಿ ನಿಲ್ಲಿಸಿ, ಮೋರಿ ದಾಟಿ, ಒಗೆದ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿ ಬಂದ. ಬಾಗಿಲಲ್ಲಿ ನಿಂತು ಕೋಣೆಯನ್ನು ಒಂದು ಸುತ್ತು ನೋಡಿದ. ನೋಡಲು ಒಂದು ಸುತ್ತಿಗಿಂತ ಹೆಚ್ಚೇನೂ ಇರಲಿಲ್ಲ.

“ಕುರ್ಚಿ ಇಲ್ರಿ ಸಾರ್,” ಎಂದಳು ಬಸಕ್ಕ ಬೆಳ್ಳುಳ್ಳಿ ಸುಲಿಯುತ್ತ. “ಆ ಹಿಟ್ಟಿನ ಡಬ್ಬಿ ಮ್ಯಾಲ ಕೂಡ್ರಿ. ಗಟ್ಟಿ ಐತಿ.”

ವೀರೇಶ್ ಡಬ್ಬಿಯ ಮೇಲೆ ಕೂತ. “ಏನ್ ತಂಗಿ, ಬರಾಕ ಇಲ್ಲ, ಫೋನರ ಎತ್ತಾಕಿಲ್ಲ.”

“ಮೈಯಾಗ ಆರಾಮ ಇರಲಿಲ್ಲ ಅಣ್ಣ,” ಎಂದಳು ಶೈಲಾ. ಸುಳ್ಳು. ರೂಢಿ ಅಷ್ಟು ಬೇಗ ಹೋಗುವುದಿಲ್ಲ.

“ಅವ್ವ ಸರಿಯಾಗಿ ಊಟಾನ ಮಾಡವಲ್ಲಳು.”

“ಅಕ್ಕಿ ಮುಗದಾವೇನ್ರಿ?” ಎಂದಳು ಬಸಕ್ಕ.

ವೀರೇಶ್ ಅದನ್ನು ಕೇಳಿಸಿಕೊಳ್ಳಲಿಲ್ಲ. “ಅವತ್ತು ನೀ ಹೊಡದದ್ದಕ್ಕ ಉಮಾಗ ಎಷ್ಟು ನೋವಾಗಿತ್ತು ಗೊತ್ತೇನ? ಆದ್ರೂ ನಿನಗ ನಾವು ಯಾರೂ ಒಂದ್ ಮಾತು ಅಂದಿಲ್ಲ. ಮನಿ ಮಗಳು ಅಂತ ಬಿಟ್ಟೀವಿ.”

“ಅಣ್ಣ, ಅವತ್ತು ನೀ ವಿಡಿಯೋ ಮಾಡಾಕತ್ತಿದ್ದಿ. ನಾ ಅಲ್ಲಿಲ್ಲ ಅಂತ ನಿನಗ ಗೊತ್ತಾತೇನ?”

“ಅಷ್ಟು ಗದ್ದಲದಾಗ…”

“ಗೊತ್ತಾತೇನ?”

ವೀರೇಶ್ ಮೊಬೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. “ಗೊತ್ತಾತು. ಹಿಂದಿನ ದಿನಾನ ಅವ್ವ ಅಂದಿದ್ಲು, ಉಮಾನ ಕರೀಲಿ ಅಂತ. ದೊಡ್ಡಪ್ಪನ ಮಗಳು ಇರುವಾಗ ಬ್ಯಾರೇದವರು ಕರದ್ರ ನಾಳೆ ಮಂದಿ ನಾಕ್ ಮಾತಾಡ್ತಾರ. ಅದರಾಗ ತಪ್ಪೇನೈತಿ?”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಸಪ್ಪಗಾಗ್ತಿದ್ದಿ. ಬರ್ತಿದ್ದಿಲ್ಲ. ಅವತ್ತು ಮನ್ಯಾಗ ಅಷ್ಟು ಕೆಲಸ…” ಎಂದವನು ಅಲ್ಲಿಗೇ ನಿಲ್ಲಿಸಿದ.

ಶೈಲಾ ಗೋಡೆಯ ಮೊಳೆಗೆ ತೂಗುಹಾಕಿದ ತನ್ನ ಫ್ಯಾಕ್ಟರಿಯ ಐಡಿ ಕಾರ್ಡನ್ನು ನೋಡುತ್ತಿದ್ದಳು. ಮೆಟ್ಟಿಲ ಮೇಲೆ ನಗು ಕೇಳಿದಾಗ ಆಗಿದ್ದಕ್ಕಿಂತ ಈಗ ಕಡಿಮೆ ನೋವಾಯಿತು. ಹಲ್ಲು ಕಿತ್ತ ಜಾಗವನ್ನು ನಾಲಿಗೆ ಮುಟ್ಟಿ ನೋಡಿದ ಹಾಗೆ, ಅಷ್ಟೆ.

“ಹೋಗ್ಲಿ ಬಿಡು,” ಎಂದ ವೀರೇಶ್. ದನಿ ಮೆತ್ತಗಾಯಿತು. “ನಿನಗ ಅಷ್ಟು ಆಸೆ ಇದ್ರ ಮನ್ಯಾಗ ಇನ್ನೊಮ್ಮೆ ಮಾಡೂಣು. ನೀನ ಕರಿ. ಕೂಸಿನ ಕಿವಿ ಎಲ್ಲಿ ಹೋಗ್ತೈತಿ?”

ಹೋಗಿಬಿಡೋಣ ಎಂದು ಅವಳಿಗೆ ಅನ್ನಿಸಿತು. ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೂಸಿನ ನೆತ್ತಿಯ ಬಿಸಿ, ಹಾಲಿನ ವಾಸನೆ, ಬೆರಳು ಕೊಟ್ಟರೆ ಹಿಡಿದುಕೊಳ್ಳುವ ಮುಷ್ಟಿ, ಎಲ್ಲ ಒಟ್ಟಿಗೆ ನೆನಪಾಯಿತು. ವೀರೇಶ್ ಅವಳ ಮುಖ ನೋಡಿ ಕೆಲಸವಾಯಿತೆಂದುಕೊಂಡು ಎದ್ದು ಪ್ಯಾಂಟಿಗೆ ಹತ್ತಿದ ಹಿಟ್ಟು ಕೊಡವಿಕೊಂಡ.

“ಗುದ್ದಾವ್ರು ಯಾರು?” ಎಂದು ಕೇಳಿದಳು ಶೈಲಾ.

“ಏನು?”

“ನಾ ಹೆಸರು ಕರದ್ರ ನನ್ನ ಬೆನ್ನಿಗೆ ಗುದ್ದಾವ್ರು ಯಾರು? ಯಾರನ್ನ ಕರಸ್ತೀ?”

ವೀರೇಶ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು. “ಸಣ್ಣ ಹುಡುಗರಂಗ ಮಾಡಬ್ಯಾಡ ಶೈಲಾ. ಒಂದನೇ ತಾರೀಖಿಗೆ ಕಾವ್ಯಾ ಜಾಯಿನ್ ಆಗಬೇಕು. ನಿನ್ನ ನಂಬಿ ನಾವು ಯಾರನ್ನೂ ಹುಡುಕಿಲ್ಲ.”

“ಈಗ ಹುಡುಕ್ರಿ.”

ಹಿಟ್ಟು ಕೊಡವುತ್ತಿದ್ದ ಅವನ ಕೈ ನಿಂತಿತು. ತನ್ನ ಊರಿನ ಆ ಮನೆಯಲ್ಲಿ ಅವನ ಪಕ್ಕ ಕೂತು ಉಣ್ಣುತ್ತಿದ್ದ ಕಾಲದಿಂದ ಅವಳು ಅವನಿಗೆ ನೀ ಅನ್ನುತ್ತಿದ್ದಳು. ಅವಳ ಕಡೆ ಒಡಹುಟ್ಟಿದ ಅಣ್ಣನಿಗೆ ಯಾರೂ ‘ರಿ’ ಹಚ್ಚುವುದಿಲ್ಲ. ‘ರಿ’ ಹಚ್ಚುವುದು ಸಾಹೇಬರಿಗೆ, ಬಸ್ಸಿನ ಕಂಡಕ್ಟರಿಗೆ, ದಾರಿ ಕೇಳಲು ಬಂದವರಿಗೆ.

“ನನಗ ‘ರಿ’ ಹಚ್ಚಾಕತ್ತೀಯೇನ?” ಎಂದ.

“ಹೌದ್ರಿ.”

“ಅವತ್ತು ನಾ ಆ ಫೋನ್ ಮಾಡಿರದಿದ್ರ ನೀ ಎಲ್ಲಿರ್ತಿದ್ದಿ, ನೆನಪೈತೇನ?”

“ಊರಾಗ ಇರ್ತಿದ್ನಿರಿ. ನಮ್ಮವ್ವನ ಕೂಡ ರೊಟ್ಟಿ ಬಡಿತಿದ್ನಿರಿ.” ರೊಟ್ಟಿ ಎಂಬ ಮಾತು ಬಂದಾಗ ಅವನು ಕಣ್ಣು ಬೇರೆ ಕಡೆ ಮಾಡಿದ. ಶೈಲಾ ಎದ್ದು ತಂತಿಯ ಮೇಲಿನಿಂದ ಕುಂಚಿಗೆಯನ್ನು ತೆಗೆದು, ಮಡಚಿ, ಅವನ ಕೈಗೆ ಕೊಟ್ಟಳು. ಹಾಲಿನ ಕಲೆ ಹೋಗಿತ್ತು. ಒಂದು ಕನ್ನಡಿ ಸಡಿಲವಾಗಿತ್ತು, ಅದನ್ನೂ ಬಿಗಿದಿದ್ದಳು.

“ಅಮ್ಮಾರು ತೊಳದು ಕೊಡು ಅಂದಿದ್ರು. ತೊಳದೀನ್ರಿ.”

ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡ. ಒಗೆದ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿ ಹೋದ. ಓಣಿಯ ಕೊನೆಯಲ್ಲಿ ನಿಂತು ಯಾರಿಗೋ ಫೋನು ಮಾಡುತ್ತಿದ್ದದ್ದು ಕಾಣಿಸಿತು.

ಯಾರಿಗೆಂದು ಸಂಜೆ ಗೊತ್ತಾಯಿತು. ಊರಿನಿಂದ ದೇವಕ್ಕ ಫೋನು ಮಾಡಿ ಅತ್ತಳು. “ಅಂಥಾ ಹುಡುಗಗ ‘ರಿ’ ಅಂದ್ಯಂತ. ಅಂವ ಅತ್ನವ್ವ ಫೋನ್ಯಾಗ. ನಮ್ಮ ಮನ್ಯಾಗ ಬೆಳದ ಕೂಸು ಅದು. ಹೋಗಿ ತಪ್ಪಾತಂತ ಹೇಳಿ ಬಾ, ದೊಡ್ಡಾಕಿ ಆಗಬ್ಯಾಡ.”

“ಹೋಗಂಗಿಲ್ಲವ್ವ.”

“ಹಂಗಾದ್ರ ನನಗ ಫೋನ್ ಮಾಡಬ್ಯಾಡ,” ಎಂದಳು ದೇವಕ್ಕ. ಮಾತಿಗೆ ಅಂದಳೆಂದು ಶೈಲಾ ತಿಳಿದಳು. ಆದರೆ ಆ ವಾರ ಮಾಡಿದ ಫೋನನ್ನು ತಾಯಿ ಎತ್ತಲಿಲ್ಲ. ಅದರ ಮುಂದಿನ ವಾರವೂ ಎತ್ತಲಿಲ್ಲ.

ಭಾನುವಾರಗಳು ಉದ್ದವಾದವು. ಬಸಕ್ಕ ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದಳು. ಶೈಲಾ ಬಟ್ಟೆ ಒಗೆದು, ಒಣಗಿಸಿ, ಮಡಚಿ, ಮತ್ತೆ ಏನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲಿ ಕೂರುತ್ತಿದ್ದಳು. ಬಿಟ್ಟು ಬಂದರೆ ಮನಸ್ಸು ಹಗುರಾಗುತ್ತದೆ ಎಂದು ಯಾರು ಹೇಳಿದರೋ. ಒಂದು ದಿನ ಅದನ್ನು ಬಸಕ್ಕನಿಗೆ ಕೇಳಿದಳು. “ನೀ ಬಿಟ್ಟ ಬಂದ ಮ್ಯಾಲ ಎಷ್ಟ ದಿನಕ್ಕ ಆರಾಮಾತು?”

“ಆರಾಮಾದಾಗ ಹೇಳ್ತೀನಿ,” ಎಂದಳು ಬಸಕ್ಕ.

ಒಂದನೇ ತಾರೀಖು ಕಳೆದುಹೋಯಿತು. ಬೇಗೂರಿನಲ್ಲಿ ಕೂಸನ್ನು ಯಾರು ನೋಡಿಕೊಳ್ಳುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ. ಪ್ಯಾಕಿಂಗಿನಲ್ಲಿ ನಿಂತಿದ್ದಾಗ ಸ್ಫೂರ್ತಿ ರೌಂಡಿಗೆ ಬಂದಳು. ಒಳ್ಳೆಯ ಹುಡುಗಿ. ಲೀಡರಾದ ಮೇಲೂ ಅಕ್ಕ ಅನ್ನುವುದನ್ನು ಬಿಟ್ಟಿರಲಿಲ್ಲ.

“ಅಕ್ಕ, ಕಾಲು ನೋಯ್ತಿದ್ರೆ ಸ್ವಲ್ಪ ಕೂತ್ಕೊಳ್ಳಿ, ನಾನ್ ನೋಡ್ಕೋತೀನಿ. ಅಲ್ಲಾ, ಕೇಳೋದೇ ಮರ್ತೆ. ನಿಮ್ಮಣ್ಣನ ಮಗೂಗೆ ಏನ್ ಹೆಸ್ರಿಟ್ರಿ?”

ಮಾಸ್ಕಿನೊಳಗೆ ಆ ಹೆಸರು ಸಿದ್ಧವಾಗಿಯೇ ಇತ್ತು, ಕೊನೆಯ ಅಕ್ಷರದ ಉಸಿರಿನ ಸಮೇತ.

“ಗೊತ್ತಿಲ್ಲ,” ಎಂದಳು ಶೈಲಾ, ಮುಂದಿನ ಡಬ್ಬವನ್ನು ಎಳೆದುಕೊಂಡು. “ಅಣ್ಣ ಅಲ್ಲ. ನಮ್ಮೂರ ಕಡೆಯವರು.”